ಹೊಲವಿಲ್ಲದವರ ಎಳ್ಳಮಾವಾಸ್ಯೆ

ನನಗೊಂದು ಕಾಯಿಲೆ ಇದೆ. ಸಿಂಧನೂರಿನ ಯಾವ ದವಾಖಾನೆಯಲ್ಲೂ ಅದಕ್ಕೆ ಗುಳಿಗೆ ಸಿಗುವುದಿಲ್ಲ. ಯಾರು ಏನು ಕೇಳಿದರೂ ‘ಹೂಂ’ ಎಂದುಬಿಡುವುದೇ ಆ ಕಾಯಿಲೆ. ಇದು ಮುಪ್ಪಿನಲ್ಲಿ ಬಂದದ್ದಲ್ಲ, ಜವಳಗೇರಾದ ಶಾಲೆಯಲ್ಲಿ ಹತ್ತಿಕೊಂಡದ್ದು. ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬಿಡಿಸಿ, ಕೈ ಝಾಡಿಸಿಕೊಳ್ಳುತ್ತ, “ತಿಳೀತೇನವಾ?” ಎನ್ನುತ್ತಿದ್ದರು. ನನಗೆ ತಿಳಿದಿರುತ್ತಿರಲಿಲ್ಲ. ಆದರೆ ‘ಇಲ್ಲ’ ಎಂದರೆ ಎದ್ದು ನಿಲ್ಲಬೇಕು, ಎಲ್ಲಿ ತಿಳಿಯಲಿಲ್ಲ ಎಂದು ಹೇಳಬೇಕು, ಇಡೀ ವರ್ಗ ತಿರುಗಿ ನೋಡುತ್ತದೆ. ‘ಇಲ್ಲ’ ಎನ್ನುವುದು ಬಹಳ ದೊಡ್ಡ ಕೆಲಸ. ‘ಹೂಂ’ ಎನ್ನಲು ಬಾಯಿ ತೆರೆಯುವುದೂ ಬೇಡ. ಹೀಗೆ ಹೂಂ ಎನ್ನುತ್ತಲೇ ಏಳನೆಯ ತರಗತಿ ಮುಗಿಸಿದೆ. ಆಮೇಲೆ ನನ್ನನ್ನು ನೋಡಲು ವರ ಬಂದಾಗ ನಾನು ಬಾಗಿಲ ಹಿಂದಿನಿಂದ ಅವರ ಚಪ್ಪಲಿಗಳನ್ನಷ್ಟೇ ನೋಡಿದೆ. ಚಪ್ಪಲಿ ಸ್ವಚ್ಛವಾಗಿದ್ದವು. ಅಪ್ಪ ಕೇಳಿದಾಗ ಹೂಂ ಎಂದೆ. ಅದೊಂದು ಹೂಂ ಚೆನ್ನಾಗಿಯೇ ಫಲಿಸಿತು ಎನ್ನಬೇಕು. ಮೊಮ್ಮಕ್ಕಳೇ, ನಿಮ್ಮ ಅಜ್ಜನೂ ನನ್ನಂತೆಯೇ ಮಾತು ಕಡಿಮೆಯವರು. ಸಿಂಧನೂರಿನ ಒಂದು ಕಚೇರಿಯಲ್ಲಿ ಜವಾನರಾಗಿದ್ದರು. “ಉಪ್ಪು ಸಾಕೇನ್ರಿ?” ಎಂದು ಕೇಳಿದರೆ ಹೂಂ ಎಂದು ಉಂಡು ಎದ್ದುಹೋಗುತ್ತಿದ್ದರು. ನಾನು ಉಣ್ಣಲು ಕೂತಾಗಲೇ ಸಾರಿಗೆ ಉಪ್ಪನ್ನೇ ಹಾಕಿಲ್ಲ ಎಂದು ತಿಳಿಯುತ್ತಿತ್ತು.

ಈಗ ಇದನ್ನೆಲ್ಲ ಬರೆಯಲು ಕಾರಣ ಪಲ್ಲವಿ. ನಿಮ್ಮ ಮೂವರಲ್ಲಿ ಅವಳೇ ಚಿಕ್ಕವಳು. ಹೋದ ತಿಂಗಳು ಅವಳು ಫೋನಿನಲ್ಲಿ, “ಅಜ್ಜಿ, ನಮಗ ಹೊಲ ಐತಿ ಹೌದಿಲ್ಲೋ? ಅವತ್ತು ಹೋಗಿ ಉಂಡು ಬಂದ್ವಲ್ಲ?” ಎಂದು ಕೇಳಿದಳು. ನಾನು ಎಂದಿನಂತೆ ಹೂಂ ಎಂದೆ. ಅವಳು ಲಿಂಗಸುಗೂರಿನ ತನ್ನ ಶಾಲೆಗೆ ಹೋಗಿ, ನಮ್ಮ ಅಜ್ಜಿಗೆ ಕಾಲುವೆ ಪಕ್ಕದಲ್ಲಿ ಹೊಲ ಇದೆ, ಅದರಲ್ಲಿ ಬನ್ನಿ ಗಿಡ ಇದೆ, ಹುಲ್ಲಿನ ಬಣವೆ ಇದೆ ಎಂದು ಎಲ್ಲರಿಗೂ ಹೇಳಿಬಂದಿದ್ದಾಳೆ. ನಮಗೆ ಹೊಲ ಇಲ್ಲ. ಎಂದೂ ಇರಲಿಲ್ಲ. ಫೋನಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಇಲ್ಲಿ ನನ್ನ ಜೊತೆಗಿರುವ ಮೊಮ್ಮಗಳು ಸಹನಾಳ ಹಳೆಯ ನೋಟುಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ, ಅವತ್ತು ನಾವು ಯಾರ ಹೊಲದಲ್ಲಿ ಉಂಡೆವು, ಯಾಕೆ ಉಂಡೆವು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ಹೋದ ಸಲದ ಎಳ್ಳಮಾವಾಸ್ಯೆಯ ಮಾತಿದು. ಅಜ್ಜ ಇದ್ದಾಗ ವರ್ಷದ ಕೊನೆಯ ರಜೆಯಲ್ಲಿ ಮಗಳನ್ನು ಲಿಂಗಸುಗೂರಿನಿಂದ ಕರೆಸುತ್ತಿದ್ದರು. ಒಂದು ಸೀರೆ ತರುತ್ತಿದ್ದರು, ಒಂದು ದಿನ ಎಲ್ಲರನ್ನೂ ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರುತ್ತಿದ್ದರು. ಅವರು ಹೋದ ಮೇಲೆ ನನ್ನ ಮಗ ಶರಣಪ್ಪ, ಅಂದರೆ ಸಹನಾಳ ಅಪ್ಪ, ಅದನ್ನು ಬಿಡಲಿಲ್ಲ. ತಂಗಿ ರೇಣುಕಾಳಿಗೆ ಪ್ರತಿ ವರ್ಷ ಸೀರೆ, ಎಲ್ಲರಿಗೂ ಬಾಡಿಗೆ ಗಾಡಿಯಲ್ಲಿ ಒಂದು ದಿನದ ಪ್ರವಾಸ. ಅವನು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು, ಹೊರಗುತ್ತಿಗೆಯ ನೌಕರ. ಆ ವರ್ಷ ದಸರೆ ಮುಗಿದ ಮೇಲೆ ಪಗಾರವೇ ಬರಲಿಲ್ಲ. “ಮ್ಯಾಲಿಂದ ಬಿಲ್ ಆಗಬೇಕಂತವ್ವ,” ಎನ್ನುತ್ತಿದ್ದ. ಮೇಲಿಂದ ಎಂದರೆ ಎಷ್ಟು ಮೇಲಿಂದ ಎಂದು ನಾನು ಕೇಳಲಿಲ್ಲ. ಸೊಸೆ ಲಕ್ಷ್ಮಿ ಚಹಾದ ಹಾಲು ಕಡಿಮೆ ಮಾಡಿದಳು. ಟಿ.ವಿ. ಕೆಟ್ಟಿದೆ ಎಂದು ಸಹನಾಳಿಗೆ ಹೇಳಿದೆವು. ಅವಳು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, “ಕೆಟ್ಟಿಲ್ಲಜ್ಜಿ, ರೀಚಾರ್ಜ್ ಮುಗದೈತಿ,” ಎಂದಳು. ಮಕ್ಕಳಿಗೆ ಸುಳ್ಳು ಹೇಳುವ ಕಾಲ ಹೋಯಿತು.

ದೊಡ್ಡವರಿಗೆ ಹೇಳುವ ಕಾಲ ಇನ್ನೂ ಇದೆ. ಒಂದು ದಿನ ಶರಣಪ್ಪ ಅಂಗಳದಲ್ಲಿ ನಿಂತು ತಂಗಿಗೆ ಫೋನ್ ಮಾಡುತ್ತಿದ್ದ. “ಈ ಸಲ ಬರಬ್ಯಾಡವಾ ರೇಣಿ. ಮನಿಗೆ ಸುಣ್ಣ ಹಚ್ಚಾಕತ್ತೀವಿ, ಸಾಮಾನೆಲ್ಲ ಹೊರಗ ಅದಾವ, ಕುಂದರಾಕೂ ಜಾಗ ಇಲ್ಲ,” ಎಂದ. ನಾನು ಒಳಗೆ ಅಕ್ಕಿ ಆರಿಸುತ್ತ ಗೋಡೆ ನೋಡಿದೆ. ಅಜ್ಜ ಸತ್ತ ವರ್ಷ ಹಚ್ಚಿದ ಸುಣ್ಣ ಅದು. ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಸೀರೆ ಕೊಡಲು ಆಗದವನು ತಂಗಿಯನ್ನು ಹೇಗೆ ಕರೆಯಲಿ ಎಂಬುದು ಅವನ ಸಂಕಟ. ರೇಣುಕಾ ಆಚೆಯಿಂದ ಏನೆಂದಳೋ ಕೇಳಿಸಲಿಲ್ಲ. ಆದರೆ ದಿನಕ್ಕೊಂದು ಸಲ ಫೋನ್ ಮಾಡುವವಳು ಎಂಟು ದಿನ ಮಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅಲ್ಲಿಯೇ. ಒಂದು ವರ್ಷ ಸುಣ್ಣ ಎಂದರೆ ಮುಂದಿನ ವರ್ಷ ಇನ್ನೇನೋ ಬರುತ್ತದೆ. ಅಣ್ಣ ಕರೆಯುವುದನ್ನು ಬಿಟ್ಟ, ತಂಗಿ ಬರುವುದನ್ನು ಬಿಟ್ಟಳು ಎಂದು ಓಣಿಯಲ್ಲಿ ಎಷ್ಟು ಮನೆಗಳ ಕತೆ ಕೇಳಿಲ್ಲ. ಯಾರೂ ಜಗಳವಾಡಿರುವುದಿಲ್ಲ, ಒಬ್ಬರೆದುರು ಒಬ್ಬರು ಮಾನ ಉಳಿಸಿಕೊಂಡಿರುತ್ತಾರೆ, ಅಷ್ಟೇ. ಮಗನನ್ನು ಕೂರಿಸಿಕೊಂಡು ಇದನ್ನು ಹೇಳಬೇಕಾದವಳು ನಾನು. ಎರಡು ಸಲ ಅವನ ಎದುರು ಹೋಗಿ ನಿಂತೆ. “ಏನವ್ವ, ಚಹಾ ಬೇಕೇನು?” ಎಂದ. ಹೂಂ ಎಂದೆ. ಎರಡು ಸಲವೂ ಚಹಾ ಕುಡಿದು ಬಂದೆ.

ಹೀಗಿರುವಾಗ ಹಿಟ್ಟಿನ ಗಿರಣಿಯಲ್ಲಿ ಈರಮ್ಮ ಸಿಕ್ಕಳು. ಈರಮ್ಮ ನಮ್ಮ ಓಣಿಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಜವಳಗೇರಾ ರಸ್ತೆಯಲ್ಲಿ ಕಾಲುವೆಯ ಬದಿ ಅವರ ಹೊಲ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲ ಇದ್ದವರು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಹೊಲಕ್ಕೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲು ಉಣ್ಣಲು ಹಾಕಿ, ಆಮೇಲೆ ತಾವು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಕರೆದುಕೊಂಡು ಹೋಗುವುದೂ ರೂಢಿಯೇ. ಈರಮ್ಮ ಪ್ರತಿ ವರ್ಷ ಕರೆಯುತ್ತಾಳೆ, ನಾನು ಪ್ರತಿ ವರ್ಷ ಹೂಂ ಎಂದು ಮನೆಯಲ್ಲೇ ಉಳಿಯುತ್ತೇನೆ. ಅದಕ್ಕೊಂದು ಕಾರಣವಿದೆ. ಚಿಕ್ಕಂದಿನಲ್ಲಿ ನನ್ನ ಅವ್ವ ಅಪ್ಪ ಕೂಲಿಗೆ ಹೋಗುತ್ತಿದ್ದ ಹೊಲಗಳಿಗೆ ಅಮಾವಾಸ್ಯೆಯ ದಿನ ನಮ್ಮನ್ನೂ ಕರೆಯುತ್ತಿದ್ದರು. ಹೊಲದವರು ಗಿಡದ ಕೆಳಗೆ ಕೂತರೆ ನಾವು ಬದುವಿನ ಮೇಲೆ ಸಾಲಾಗಿ ಕೂರುತ್ತಿದ್ದೆವು. ಅವರು ಉಂಡ ಮೇಲೆ ನಮಗೆ ಬಡಿಸುತ್ತಿದ್ದರು. ರೊಟ್ಟಿ ರುಚಿಯಾಗಿಯೇ ಇರುತ್ತಿತ್ತು. ಆದರೂ ಬದು ಬಹಳ ಇಕ್ಕಟ್ಟು, ಕೂತರೆ ಒಂದು ಕಡೆಗೆ ಜಾರುತ್ತದೆ. ದೊಡ್ಡವಳಾದ ಮೇಲೆ ಬೇರೆಯವರ ಹೊಲ ಎಂದರೆ ನನ್ನ ಕಾಲು ತಾನಾಗಿಯೇ ಬದುವನ್ನು ಹುಡುಕುತ್ತಿತ್ತು.

“ಯಕ್ಕಾ, ಈ ಸಲನಾದ್ರೂ ನಮ್ಮ ಹೊಲಕ್ಕ ಬರ್ರಿ. ವರ್ಷಾ ಹೂಂ ಅಂತೀರಿ, ಬರಂಗಿಲ್ಲ,” ಎಂದಳು ಈರಮ್ಮ, ಗಿರಣಿಯ ಸದ್ದಿಗಿಂತ ಜೋರಾಗಿ ಕೂಗಿ.

“ಹೂಂ.”

“ಇದು ಖರೇ ಹೂಂ ಏನೋ, ಸುಳ್ಳು ಹೂಂ ಏನೋ?”

“ಬರ್ತೀವಿ.”

“ಎಷ್ಟ ಮಂದಿ ಬರ್ತೀರಿ? ಅಡಗಿ ಅಂದಾಜಿಗೆ ಕೇಳಿದೆ.”

“ಏಳು ಮಂದಿ.”

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮನೆಯಲ್ಲಿರುವುದು ನಾವು ನಾಲ್ಕೇ ಜನ. ರೇಣುಕಾ, ಅವಳ ಇಬ್ಬರು ಮಕ್ಕಳು ಐಶು ಮತ್ತು ಪಲ್ಲವಿ ಸೇರಿದರೆ ಏಳು. ಅಳಿಯನಿಗೆ ಅಂಗಡಿಯ ನೌಕರಿ, ರಜೆ ಇಲ್ಲ. ತಿಂಗಳಿನಿಂದ ಎದೆಯೊಳಗಿದ್ದ ಮಾತು ಮಗನ ಎದುರು ಬರದೆ ಹಿಟ್ಟಿನ ಗಿರಣಿಯಲ್ಲಿ ಬಂದಿತ್ತು. ಈರಮ್ಮ ಹಿಟ್ಟಿನ ಡಬ್ಬಿ ತಲೆಗೇರಿಸಿಕೊಂಡು, “ಜವಳಗೇರಾ ಬಸ್ ಹತ್ತಿ ಕಾಲುವಿ ಪೂಲಿಗೆ ಇಳೀರಿ. ದಂಡಿ ಹಿಡಕೊಂಡು ಬಂದ್ರ ಬನ್ನಿ ಗಿಡ ಕಾಣತೈತಿ. ಗೊತ್ತಾತಲ್ಲ?” ಎಂದಳು. ಪೂಲ್ ಎಂದರೆ ಸೇತುವೆ. ಆ ರಸ್ತೆಯಲ್ಲಿ ಒಂದೇ ಪೂಲ್ ಇಲ್ಲ ಎಂಬುದು ಆ ಕಡೆಯಲ್ಲೇ ಹುಟ್ಟಿ ಬೆಳೆದ ನನಗೆ ತಿಳಿಯದ್ದಲ್ಲ. ಯಾವ ಪೂಲ್ ಎಂದು ಕೇಳಬೇಕಿತ್ತು. ಹೂಂ ಎಂದೆ.

ಮನೆಗೆ ಬಂದವಳೇ, ಧೈರ್ಯ ಆರುವುದರೊಳಗೆ ರೇಣುಕಾಳಿಗೆ ಫೋನ್ ಮಾಡಿದೆ.

“ಎಳ್ಳಮಾಸಿಗೆ ಹೊಲಕ್ಕ ಹೋಗೋದೈತಿ. ಹುಡುಗ್ಯಾರನ್ನ ಕರಕೊಂಡು ಬಾ.”

“ಯಾರ ಹೊಲ? ನಮಗ್ಯಾವಾಗ ಹೊಲ ಬಂತವ್ವ?”

“ಬಂದ್ರ ಗೊತ್ತಾಗತೈತಿ.”

“ಅಣ್ಣ ಮನಿಗೆ ಸುಣ್ಣ ಹಚ್ಚಾಕತ್ತೀವಿ, ಬರಬ್ಯಾಡ ಅಂದಾನಲ್ಲ,” ಎಂದಳು.

“ಹೊಲಕ್ಕ ಯಾರು ಸುಣ್ಣ ಹಚ್ಚತಾರ? ಬಾ ನೀ.”

ಶರಣಪ್ಪ ಸಂಜೆ ಬಂದು ಸುದ್ದಿ ಕೇಳಿ ಗೋಡೆಗೆ ಒರಗಿ ಕೂತ. “ಯವ್ವಾ, ಆಕಿ ಬಂದ್ರ ಖಾಲಿ ಕೈಲೆ ಹೆಂಗ ಕಳಿಸ್ಲಿ? ಅಪ್ಪ ಇದ್ದಾಗ ಒಂದ್ ವರ್ಷನಾದ್ರೂ ಹಂಗ ಕಳಿಸ್ಯಾನೇನು?” ಎಂದ. “ಹೊಲಕ್ಕ ಬಂದಾಕಿಗೆ ರೊಟ್ಟಿ ಕೊಡತಾರಪ್ಪ, ಸೀರಿ ಯಾರು ಕೊಡತಾರ?” ಎಂದೆ. ಆ ವರ್ಷ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅವನು ನನ್ನನ್ನೇ ನೋಡಿದ. ಲಕ್ಷ್ಮಿ ಒಲೆಯ ಮುಂದಿನಿಂದ, “ಅತ್ತಿ ಮಾತಾಡ್ಯಾರ ಅಂದ್ರ ಮುಗೀತು, ಹೋಗೂನು ನಡೀರಿ,” ಎಂದಳು.

ಎಳ್ಳಮಾವಾಸ್ಯೆಯ ಒಂದು ಸುಖವೆಂದರೆ ಅದಕ್ಕೆ ಅಂಗಡಿಯಿಂದ ತರುವುದು ಕಡಿಮೆ. ಸಜ್ಜೆ ಹಿಟ್ಟು ಡಬ್ಬಿಯಲ್ಲಿತ್ತು, ಅಕ್ಕಿ ರೇಷನ್ನಿನದಿತ್ತು. ಪುಂಡಿ ಸೊಪ್ಪನ್ನು ಹಿತ್ತಲಿನ ಮನೆಯವರು ಕೊಟ್ಟರು. ಬದನೆಕಾಯಿ, ಶೇಂಗಾ ಬಂದ ಬಗೆಯನ್ನು ನೀವು ನೆನಪಿಡಬೇಕು. ಲಕ್ಷ್ಮಿಯ ತವರು ಮಸ್ಕಿ. ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬಸ್ಸು ಮಸ್ಕಿಯಲ್ಲಿ ನಿಲ್ಲಲೇಬೇಕು. ಲಕ್ಷ್ಮಿಯ ಅವ್ವ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತು, ರೇಣುಕಾ ಕೂತಿದ್ದ ಕಿಟಕಿ ಹುಡುಕಿ, ಅದರೊಳಗಿಂದ ಎರಡು ಚೀಲ ತೂರಿಸಿದರಂತೆ. ಒಂದರಲ್ಲಿ ಮುಳ್ಳುಬದನೆ, ಇನ್ನೊಂದರಲ್ಲಿ ಶೇಂಗಾ, ಬೆಲ್ಲ. ಬಸ್ಸು ಹೊರಟ ಮೇಲೂ ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ, “ಎಣ್ಣಿಗಾಯಿಗೆ ಹುರಿದೆಳ್ಳು ಹಾಕಂತ ಹೇಳು,” ಎಂದು ಕೂಗಿದರಂತೆ. ರೇಣುಕಾ ಮನೆಯೊಳಗೆ ಬಂದವಳು ಚೀಲ ಇಳಿಸಿ ಮೊದಲು ಗೋಡೆಗಳನ್ನು ನೋಡಿದಳು. ಶರಣಪ್ಪ ಏನೋ ಹುಡುಕುವವನಂತೆ ಹೊರಗೆ ಹೋದ. ಅಣ್ಣ ತಂಗಿ ಅವತ್ತೆಲ್ಲ ನಿಮ್ಮ ಮೂಲಕವೇ ಮಾತಾಡಿದರು. “ನಿಮ್ಮ ಮಾವಗ ಚಹಾ ಕೊಡು,” ಎನ್ನುವಳು ಇವಳು. “ನಿಮ್ಮವ್ವಗ ಬುಟ್ಟಿ ಎಲ್ಲೈತಿ ಕೇಳು,” ಎನ್ನುವನು ಅವನು. ಇಬ್ಬರೂ ಒಂದೇ ಕೋಣೆಯಲ್ಲಿರುತ್ತಿದ್ದರು.

ಮರುದಿನ ಬೆಳಿಗ್ಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ, ಒಂದು ಗಡಿಗೆ ಅಂಬಲಿ ಹೊತ್ತುಕೊಂಡು ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಬಿಟ್ಟಿ. ನಮ್ಮ ಮನೆಯ ಏಳು ಮಂದಿಯಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆಯಬೇಕಾದವನು ಶರಣಪ್ಪನೊಬ್ಬನೇ. ಕಂಡಕ್ಟರು ಆರು ಸೊನ್ನೆ ಟಿಕೆಟ್ ಹರಿದು ಕೊಟ್ಟು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವೊಬ್ರ ಏನ್ರಿ ಗಂಡಸರು?” ಎಂದ. ಅವನು ಅಪರಾಧಿಯಂತೆ ಹೌದೆಂದ. ಐಶು ನಕ್ಕಳು, ರೇಣುಕಾ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿದ್ದುದನ್ನು ನಾನು ನೋಡಿದೆ.

ಕಾಲುವೆಯ ಪೂಲ್ ಕಂಡ ಕೂಡಲೇ ನಾನು ಎದ್ದು ನಿಂತೆ. “ಇದೇ ಪೂಲ್ ಏನವ್ವ?” ಎಂದ ಶರಣಪ್ಪ. ಹೂಂ ಎಂದೆ. ಇಳಿದು ದಂಡೆ ಹಿಡಿದು ನಡೆದೆವು. ಸ್ವಲ್ಪ ದೂರದಲ್ಲಿ ಬನ್ನಿ ಗಿಡವೂ ಕಂಡಿತು. ಅಷ್ಟರಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು. ಗಿಡದ ಕೆಳಗೆ ಮಾತ್ರ ಯಾರೂ ಇರಲಿಲ್ಲ. ಭತ್ತ ಕೊಯ್ದ ಕೂಳೆ ಹೊಲ, ಒಂದು ಹುಲ್ಲಿನ ಬಣವೆ, ಆಚೆ ಮೂಲೆಯಲ್ಲಿ ಹಸಿರು ಸಸಿ ಮಡಿ. ಲಕ್ಷ್ಮಿ ಈರಮ್ಮನಿಗೆ ಫೋನ್ ಮಾಡಿದಳು. ಬಂದಾಗಿತ್ತು. “ಅತ್ತಿ, ಇದೇ ಹೊಲ ಹೌದಲ್ರಿ?” ಎಂದಳು. ಆರು ಜನ ತಲೆಯ ಮೇಲೆ, ಕಂಕುಳಲ್ಲಿ ಗಂಟು ಹೊತ್ತುಕೊಂಡು ನನ್ನನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ‘ಗೊತ್ತಿಲ್ಲ’ ಎನ್ನುವಷ್ಟು ಗಟ್ಟಿ ಹೆಂಗಸು ನಾನಲ್ಲ. “ಹೂಂ. ಈರಮ್ಮ ತಡಾ ಮಾಡ್ಯಾಳ, ಬರ್ತಾಳ,” ಎಂದೆ.

ಕಾದೆವು. ನೀವು ಮೂವರೂ ಬಣವೆ ಏರಿ ಜಾರಿ, ಏರಿ ಜಾರಿ, ಅದರ ಒಂದು ಮಗ್ಗುಲನ್ನೇ ಕೆಡವಿದಿರಿ. ಹೊತ್ತು ನೆತ್ತಿಗೆ ಬಂತು. ಹಸಿದ ಪಲ್ಲವಿ ಹೋಳಿಗೆಯ ಗಂಟಿನ ಪಕ್ಕದಲ್ಲೇ ಕೂತಳು. ಕೊನೆಗೆ ಪೂಜೆಯನ್ನಾದರೂ ಮಾಡೋಣ ಎಂದು ಲಕ್ಷ್ಮಿ ಕಾಲುವೆಯ ದಂಡೆಯಿಂದ ಐದು ಕಲ್ಲು ಆರಿಸಿ ತಂದಳು. ನನ್ನ ಎಲೆಯಡಿಕೆ ಚೀಲದಲ್ಲಿದ್ದ ಸುಣ್ಣವನ್ನು ನೀರಲ್ಲಿ ಕದಡಿ ಅವಕ್ಕೆ ಹಚ್ಚಿ, ಕುಂಕುಮವಿಟ್ಟು, ಪಂಚಪಾಂಡವರೆಂದು ಸಾಲಾಗಿ ನಿಲ್ಲಿಸಿದಳು. ಅನ್ನ, ಕಡುಬು, ರೊಟ್ಟಿಯ ಚೂರು ಕಲಸಿದ ಚರಗದ ಬುಟ್ಟಿಯನ್ನು ಶರಣಪ್ಪ ಹಿಡಿದ. ಅವನ ಹಿಂದೆ ನೀರು ಚಿಮುಕಿಸುತ್ತ ಹೋಗಬೇಕಾದವಳು ರೇಣುಕಾ. ಚರಗ ಚೆಲ್ಲುವಾಗ “ಹುಲ್ಲುಲ್ಲಿಗೋ ಚೆಲ್ಲಂಬರಿಗೋ” ಎಂದು ಹೊಲದ ತುದಿಗೆ ಕೇಳುವಂತೆ ಕೂಗಬೇಕು. ಶರಣಪ್ಪ ಅದನ್ನು ಆಫೀಸಿನಲ್ಲಿ ಅರ್ಜಿ ಓದಿದಂತೆ ಓದಿದ. “ನಿಮ್ಮ ಮಾವಗ ಜೋರಾಗಿ ಕೂಗಾಕ ಹೇಳು, ಹೊಲಕ್ಕ ಕಿವಿ ದೂರ,” ಎಂದಳು ರೇಣುಕಾ ಐಶುವಿಗೆ. ಕಡೆಗೆ ಕೂಗಿದವಳು ಪಲ್ಲವಿ. ಪೂಲಿನ ಮೇಲೆ ಹೋಗುತ್ತಿದ್ದ ಟ್ರ್ಯಾಕ್ಟರಿನವನು ತಿರುಗಿ ನೋಡಿದ.

ಆಮೇಲೆ ಹೊಲದ ನಡುವೆ, ಗಿಡದ ನೆರಳಲ್ಲಿ, ತಾಡಪತ್ರಿ ಹಾಸಿ ಉಣ್ಣಲು ಕೂತೆವು. ರೊಟ್ಟಿ ಮುರಿಯುವಾಗ ನನಗೆ ಹೊಳೆಯಿತು. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ನಾನು ಹೊಲದ ನಡುವೆ ಕೂತು ಉಣ್ಣುತ್ತಿದ್ದೆ. ಕಾಲು ಚಾಚಿದೆ. ನೆಲ ಎಲ್ಲಿಗೂ ಜಾರಲಿಲ್ಲ. ಈ ಸುಖ ಎರಡು ತುತ್ತಿನಷ್ಟು ಹೊತ್ತು ಇತ್ತು. ಮೂರನೆಯ ತುತ್ತಿಗೆ ದಂಡೆಯ ಮೇಲೆ ಒಂದು ಬೈಕು ಬಂದು ನಿಂತಿತು.

ಬೈಕಿನಲ್ಲಿ ಶರಣಪ್ಪನ ವಯಸ್ಸಿನ ಒಬ್ಬ ಮನುಷ್ಯ. ಹಿಂದೆ ಬಿಳಿ ಸೀರೆಯುಟ್ಟ, ನನ್ನ ವಯಸ್ಸಿನ ಹೆಂಗಸು, ಕೈಯಲ್ಲಿ ಕುಡುಗೋಲು. ಅದು ಸೊಪ್ಪು ಕೊಯ್ಯಲು ತಂದದ್ದೆಂದು ಆಮೇಲೆ ತಿಳಿಯಿತು, ಆಗ ತಿಳಿದಿರಲಿಲ್ಲ. ಆ ಮನುಷ್ಯ ಕೆಡವಿದ ಬಣವೆ ನೋಡಿದ, ಏಳು ಜನರನ್ನು ನೋಡಿದ, ಕೊನೆಗೆ ಸುಣ್ಣ ಬಳಿದ ಐದು ಕಲ್ಲು ನೋಡಿ ಮುಖ ಬಿಳಿಚಿಕೊಂಡ.

“ಯಾರ್ರೀ ನೀವು? ಸರ್ವೇದವ್ರೇನು? ನಮ್ಮ ಹೊಲದಾಗ ಕಲ್ಲಿಗೆ ಸುಣ್ಣ ಯಾಕ ಹಚ್ಚೀರಿ?”

“ಇದು ಈರಮ್ಮನೋರ ಹೊಲ ಅಲ್ಲೇನ್ರಿ?” ಎಂದ ಶರಣಪ್ಪ, ಅರ್ಧ ಎದ್ದು.

“ಯಾವ ಈರಮ್ಮ? ನಾವು ಕ್ಯಾಂಪಿನವ್ರು. ಈ ಹೊಲ ನಮ್ಮದು. ನೀವು ಯಾವ ಆಫೀಸಿನವ್ರು, ಅದ್ನ ಹೇಳ್ರಿ ಮೊದಲ.”

ಕ್ಯಾಂಪ್ ಎಂದರೆ ಬಂಗಾಳದ ಕಡೆಯಿಂದ ಬಂದ ನಿರಾಶ್ರಿತರಿಗೆ ಬಹಳ ಹಿಂದೆ ಸರಕಾರ ಕಟ್ಟಿಕೊಟ್ಟ ಊರು. ನನ್ನ ಮನೆಯವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಅಂಬಲಿಯ ಗಡಿಗೆಯೊಳಗೆ ನೋಡಿದೆ. ಶರಣಪ್ಪ ಕೈಯಲ್ಲಿ ಅರ್ಧ ಹೋಳಿಗೆ ಹಿಡಿದುಕೊಂಡೇ ನಿಂತು, “ನಾ ಸರ್ವೇದಾವ ಅಲ್ರಿ. ಆಫೀಸಿನಾವ ಹೌದು. ಆದ್ರ ಹೊರಗುತ್ತಿಗಿ. ಮೂರು ತಿಂಗಳಾತು, ಪಗಾರ ಆಗಿಲ್ರಿ,” ಎಂದ.

ಅದನ್ನು ಯಾರೂ ಕೇಳಿರಲಿಲ್ಲ. ಗಾಬರಿಯಲ್ಲಿ ಅವನ ಬಾಯಿಂದ ಬಂದ ನಿಜ ಅದೊಂದೇ. ರೇಣುಕಾ ರೊಟ್ಟಿ ಕೆಳಗಿಟ್ಟಳು. ಅಣ್ಣನನ್ನು ನೋಡಿದಳು, ಆಮೇಲೆ ಐದು ಕಲ್ಲುಗಳನ್ನು ನೋಡಿದಳು.

“ಅಣ್ಣಾ, ಸುಣ್ಣ ಹಚ್ಚಾಕತ್ತೀವಿ ಅಂದಿದ್ದಿ. ಈ ಐದು ಕಲ್ಲಿಗಾ?”

ಎರಡು ದಿನದಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು. ಶರಣಪ್ಪ ಹೋಳಿಗೆಯನ್ನೇ ನೋಡುತ್ತ, “ಸೀರಿ ತರಾಕ ಆಗಿದ್ದಿಲ್ಲವಾ,” ಎಂದ. ರೇಣುಕಾ, “ಆರು ವರ್ಷ ಗಿಣಿ ಹಸಿರು ತಂದಿ. ಆ ಅಂಗಡ್ಯಾಗ ಬ್ಯಾರೆ ಬಣ್ಣನ ಇಲ್ಲ ಅಂತ ತಿಳಕೊಂಡಿದ್ದೆ. ಎರಡು ಇನ್ನೂ ಮಡಿಕಿ ಬಿಚ್ಚಿಲ್ಲ. ಒಂದ್ ವರ್ಷ ತಪ್ಪೈತಿ ಅಂದ್ರ ನನಗ ಪುಣ್ಯ ಬಂತು,” ಎಂದಳು. ಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊಲದ ಯಜಮಾನ ಇದೆಲ್ಲ ಏನೆಂದು ತಿಳಿಯದೆ ತಾಯಿಯ ಕಡೆ ನೋಡಿದ.

ಆ ಹೆಂಗಸು ಇಷ್ಟು ಹೊತ್ತು ಕೂಳೆಯಲ್ಲಿ ಬಗ್ಗಿ ಏನನ್ನೋ ನೋಡುತ್ತಿದ್ದರು. ಈಗ ನನ್ನ ಮುಂದೆ ಬಂದು ನಿಂತರು. ಮಾತು ನಮ್ಮ ಕಡೆಯದೇ, ರಾಗ ಮಾತ್ರ ಬೇರೆ.

“ಏನ್ ಚೆಲ್ಲೀರಿ ಹೊಲಕ್ಕ?”

“ಚರಗರೀ,” ಎಂದೆ.

“ನಮ್ಮ ಹೊಲಕ್ಕಾ?”

“ಹೂಂ.” ಅವತ್ತಿನ ಹೂಂಗಳಲ್ಲಿ ಖರೇ ಹೂಂ ಅದೊಂದೇ.

ಅವರು ನನ್ನ ಪಕ್ಕದಲ್ಲಿ ಕುಡುಗೋಲು ಇಟ್ಟು ಕೂತರು. “ನಾ ಸಣ್ಣಾಕಿದ್ದಾಗ ನಾಟಿ ಹಚ್ಚಾಕ ಬ್ಯಾರೇರ ಹೊಲಕ್ಕ ಹೋಗತಿದ್ದೆ. ಈ ಅಮಾಸಿಗೆ ಅವ್ರು ನಮಗೂ ರೊಟ್ಟಿ ಕೊಡತಿದ್ರು. ನಮ್ಮ ಮಂದ್ಯಾಗ ಇದು ಇಲ್ಲ. ಸುತ್ತಲ ಎಲ್ಲಾ ಹೊಲಕ್ಕ ಉಣ್ಣಾಕ ಹಾಕ್ತಾರ, ನಮ್ಮ ಹೊಲ ನೋಡಕೋತ ಕುಂದರತಿತ್ತು,” ಎಂದರು. ಆಮೇಲೆ ಸಸಿ ಮಡಿಯ ಕಡೆಗೆ ಬೆರಳು ತೋರಿಸಿ, “ಆ ಮೂಲಿಗೆ ಬಿದ್ದಿಲ್ಲ ನೋಡ್ರಿ. ಅಲ್ಲೂ ಹಾಕ್ರಿ,” ಎಂದರು. ನಾನೂ ನಾಟಿ ಹಚ್ಚಿದವಳೇ, ನಾನೂ ಬದುವಿನ ಮೇಲೆ ಕೂತವಳೇ ಎಂದು ಹೇಳಬೇಕೆನಿಸಿತು. ಅದರ ಬದಲು ಅವರಿಗೂ ಒಂದು ರೊಟ್ಟಿ ಕೊಟ್ಟೆ. ಅವರು ಅದನ್ನು ಅಂಬಲಿಯಲ್ಲಿ ನೆನೆಸಿಕೊಂಡರು. ಇಬ್ಬರಿಗೂ ಹಲ್ಲು ಕಡಿಮೆ ಎಂಬುದು ತಿಳಿದು ನನ್ನ ನಾಚಿಕೆ ಸ್ವಲ್ಪ ಇಳಿಯಿತು.

ಅವರು ಮಗನಿಗೆ ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿದರು. ಅವನು ಬೈಕು ತಿರುಗಿಸಿ ಜೋರಾಗಿ ಹೋದ. ಜನ ಕರೆತರಲು ಹೋದ ಎಂದುಕೊಂಡು ಲಕ್ಷ್ಮಿ ಮೆಲ್ಲಗೆ ಪಾತ್ರೆಗಳಿಗೆ ಮುಚ್ಚಳ ಹಾಕತೊಡಗಿದಳು. ಅವನು ಜನ ತರಲಿಲ್ಲ, ಒಂದು ಡಬ್ಬಿಯನ್ನೂ ಒಂದು ಸಣ್ಣ ಅಕ್ಕಿ ಚೀಲವನ್ನೂ ತಂದ. ಡಬ್ಬಿಯಲ್ಲಿ ಅಕ್ಕಿ ಹಿಟ್ಟಿನ, ಒಳಗೆ ಕೊಬ್ಬರಿ ಬೆಲ್ಲ ತುಂಬಿದ ತಿಂಡಿ. ಅದು ಪಿಠೆ ಎಂದ. ಪಲ್ಲವಿ ಒಂದನ್ನು ತಿರುಗಿಸಿ ನೋಡಿ, “ಇದು ಕಡುಬು,” ಎಂದಳು. “ಅಲ್ಲವಾ, ಪಿಠೆ,” ಎಂದರು ಆ ತಾಯಿ. “ಕಡುಬ ಇದು. ಬೈಕಿನ ಮ್ಯಾಲೆ ತಂದಿದ್ದಕ್ಕ ಒತ್ತಿ ಚಪ್ಪಟಿ ಆಗೈತಿ,” ಎಂದು ಪಲ್ಲವಿ ತೀರ್ಪು ಕೊಟ್ಟು ನಾಲ್ಕು ತಿಂದಳು. ಅವರ ಮಗ ನಮ್ಮ ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡ. ಬಣವೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಶರಣಪ್ಪ ತಾನಾಗಿಯೇ ಎದ್ದು ಹೋಗಿ ಬಿದ್ದ ಹುಲ್ಲನ್ನು ಮತ್ತೆ ಒಟ್ಟಿದ. ರೇಣುಕಾ ಕೆಳಗಿನಿಂದ ಹುಲ್ಲು ಎತ್ತಿ ಕೊಡುತ್ತ, “ಪಗಾರ ಇಲ್ಲಂದ್ರ ಇಲ್ಲ ಅನ್ನೋ ಮಾರಾಯ. ಮನಿ ಗ್ವಾಡಿ ಮ್ಯಾಲೆ ಯಾಕ ಹಾಕ್ತಿ?” ಎಂದು ಬೈಯುತ್ತಲೇ ಇದ್ದಳು. ಆ ಬೈಗುಳ ಕೇಳುತ್ತ ನಾನು ಎಲೆಗೆ ಸುಣ್ಣ ಹಚ್ಚಲು ಹೋದರೆ ಡಬ್ಬಿಯಲ್ಲಿ ಸುಣ್ಣವೇ ಉಳಿದಿರಲಿಲ್ಲ.

ಹೊರಡುವಾಗ ಆ ತಾಯಿ ರೇಣುಕಾಳನ್ನು ತೋರಿಸಿ, “ಈಕಿ ಮಗಳೇನು? ಊರಿಗೆ ಹೋಗಾಕಿ?” ಎಂದು ಕೇಳಿದರು. ಹೂಂ ಎಂದೆ. “ಹೊಸ ಅಕ್ಕಿ ಐತಿ. ನಿಮ್ಮ ಮಂದ್ಯಾಗ ಉಡಿ ತುಂಬತಾರಲ್ಲ, ತುಂಬ್ರಿ ಮತ್ತ,” ಎಂದು ಚೀಲವನ್ನು ನಮ್ಮ ಮುಂದೆ ಸರಿಸಿದರು. ತವರಿನಿಂದ ಹೋಗುವ ಮಗಳಿಗೆ ಉಡಿ ತುಂಬುವುದು ಮುತ್ತೈದೆಯರ ಕೆಲಸ. ಅವರೂ ನಾನೂ ಹಿಂದೆ ಸರಿದು ಕೂತೆವು. ಲಕ್ಷ್ಮಿ ನಾದಿನಿಯ ಸೆರಗಿಗೆ ಹೊಸ ಅಕ್ಕಿ ಸುರಿದು, ಪೂಜೆಯ ಕೊಬ್ಬರಿ ಬಟ್ಟಲು, ನನ್ನ ಚೀಲದ ಎಲೆ ಅಡಿಕೆ ಇಟ್ಟಳು. “ಕುಬಸ ಇಲ್ಲ ನೋಡ್ರಿ,” ಎಂದು ರವಿಕೆಯ ಬಟ್ಟೆ ಇಡಲಾಗದ್ದಕ್ಕೆ ಸಣ್ಣ ದನಿಯಲ್ಲಿ ಹೇಳಿದಳು. “ಇದ್ರೂ ಹಸಿರ ಇರತಿತ್ತು, ಬಿಡ್ರಿ ವೈನಿ,” ಎಂದಳು ರೇಣುಕಾ. ಶರಣಪ್ಪ ಕಾಲುವೆಯ ನೀರು ಎಷ್ಟಿದೆ ಎಂದು ಬಹಳ ಹೊತ್ತು ನೋಡಿದ. ಬಸ್ಸಿನಲ್ಲಿ ಅಣ್ಣ ತಂಗಿ ಒಂದೇ ಸೀಟಿನಲ್ಲಿ ಕೂತು ಸಿಂಧನೂರು ಬರುವವರೆಗೆ ಜಗಳಾಡಿದರು. ಮೂರು ತಿಂಗಳ ಬಾಕಿ ಜಗಳವೆಲ್ಲ ಅವತ್ತೇ ಚುಕ್ತಾ ಆಯಿತು.

ಇನ್ನು ಈರಮ್ಮ. ಅವಳ ಹೊಲ ಎರಡನೆಯ ಪೂಲಿನ ಹತ್ತಿರ. ಫೋನನ್ನು ಮನೆಯಲ್ಲಿ ಮರೆತು ಹೋಗಿದ್ದಳು. ಮರುದಿನ ಏಳು ಮಂದಿಯ ಪಾಲಿನ ಬುತ್ತಿ ಹೊತ್ತುಕೊಂಡು ನಮ್ಮ ಮನೆಗೆ ಬಂದು, ನನ್ನ ಮುಂದೆ ಇಟ್ಟಳು. “ಏಳು ಎಲಿ ಹಾಕಿ ದಾರಿ ನೋಡಕೋತ ಕುಂತಿದ್ದೆ ಯಕ್ಕಾ. ಸುಳ್ಳು ಹೂಂ ಏನು ಅಂತ ನಾ ಕೇಳಿದ್ದಿಲ್ಲೇನು?” ಎಂದಳು. ನಾನು ತಲೆ ತಗ್ಗಿಸಿದೆ. ನಡೆದದ್ದನ್ನು ಲಕ್ಷ್ಮಿ ಹೇಳಿದಳು. ಈರಮ್ಮ ನಕ್ಕು ನಕ್ಕು ಹೊಸ್ತಿಲ ಮೇಲೇ ಕೂತಳು. ನಾವು ಎರಡು ದಿನ ಅವಳ ಬುತ್ತಿ ಉಂಡೆವು.

ಈಗ ಮತ್ತೆ ಎಳ್ಳಮಾವಾಸ್ಯೆ ಬಂದಿದೆ. ಮೇಲಿನವರು ಹೇಗೋ ಕಣ್ಣು ಬಿಟ್ಟು ಶರಣಪ್ಪನಿಗೆ ಪಗಾರ ಬರುತ್ತಿದೆ. ಮೊನ್ನೆ ಗಿರಣಿಯಲ್ಲಿ ಈರಮ್ಮ, “ಈ ಸಲ ನಾನ ಟ್ರ್ಯಾಕ್ಟರ್ ತಂದು ಹೇರಿಕೊಂಡು ಹೋಗತೀನಿ, ಬರ್ತೀರಲ್ಲ?” ಎಂದಳು. ಹೂಂ ಎಂದೆ. ಶರಣಪ್ಪ ಅವತ್ತು ಕೊಟ್ಟುಬಂದಿದ್ದ ನಂಬರಿಗೆ ನಿನ್ನೆ ಕ್ಯಾಂಪಿನಿಂದ ಫೋನ್ ಬಂತು. ಆ ತಾಯಿ ನನ್ನೊಡನೆ ಮಾತಾಡಬೇಕೆಂದರಂತೆ. “ಯಕ್ಕಾ, ಹೊಲ ಹಸದೈತಿ. ಆ ಮೂಲಿ ಮರೀಬ್ಯಾಡ್ರಿ,” ಎಂದರು. ಹೂಂ ಎಂದೆ. ಫೋನ್ ಇಟ್ಟ ಮೇಲೆ, ಒಂದು ವರ್ಷವಾದರೂ ಅವರ ಹೆಸರನ್ನೇ ಕೇಳಿಲ್ಲ ಎಂಬುದು ನೆನಪಾಯಿತು. ಇವತ್ತು ಬೆಳಿಗ್ಗೆ ಶರಣಪ್ಪ ಖುಷಿಯಿಂದ ಬಂದು, “ಯವ್ವಾ, ಈ ಸಲ ರೇಣಿನ್ನ ಕರಸಿ, ಗಾಡಿ ಮಾಡಿ, ಎಲ್ಲರೂ ತಿರುಗಾಡಾಕ ಹೋಗೂನು. ಎಳ್ಳಮಾಸಿ ದಿನಾನ ಗಾಡಿ ಹೇಳಲಾ?” ಎಂದ. ಅದಕ್ಕೂ ಹೂಂ ಎಂದೆ. ಅವನು ಚೀಲ ಬಿಚ್ಚಿ, ತಂಗಿಗೆಂದು ತಂದ ಸೀರೆ ತೋರಿಸಿ, “ಬಣ್ಣ ಚಂದ ಐತಿಲ್ಲ?” ಎಂದು ಕೇಳಿದ. ಗಿಣಿ ಹಸಿರು. ಮತ್ತೆ ಹೂಂ ಎಂದೆ.

ಆದ್ದರಿಂದ ಮೊಮ್ಮಕ್ಕಳೇ, ಈ ಹಾಳೆಗಳು ಕೈಗೆ ಬಂದ ಕೂಡಲೇ ಒಂದು ಉಪಕಾರ ಮಾಡಿ. ಐಶು, ನೀನು ಈರಮ್ಮನಿಗೆ ಫೋನ್ ಮಾಡಿ ನಾವು ಮೊದಲು ಕ್ಯಾಂಪಿನ ಹೊಲಕ್ಕೆ ಹೋಗಿ ಸಂಜೆ ಬರುತ್ತೇವೆ ಎಂದು ಹೇಳು. ಸಹನಾ, ನೀನು ಅಪ್ಪನಿಗೆ ಗಾಡಿ ಬೇಡ ಎನ್ನು, ಸೀರೆಯ ವಿಷಯವನ್ನು ನಿನ್ನ ರೇಣುಕಾ ಅತ್ತೆಯೇ ಹೇಳಲಿ. ಪಲ್ಲವಿ, ನೀನು ಹೊಲದಲ್ಲಿ ಆ ತಾಯಿಯ ಹೆಸರು ಕೇಳಿ ನನ್ನ ಕಿವಿಯಲ್ಲಿ ಹೇಳು. ಶಾಲೆಯಲ್ಲಿ ಹೊಲ ನಮ್ಮದಲ್ಲ ಎಂದು ಹೇಳಿಬಿಡು. ಅದನ್ನು ಹೇಳಲು ನಿನಗೂ ನಾಚಿಕೆಯಾದರೆ ಸುಮ್ಮನಿರು, ಅದು ನನ್ನಿಂದಲೇ ಬಂದದ್ದು. ಇಷ್ಟನ್ನೂ ನಾನೇ ಮಾಡಬಹುದಿತ್ತು. ಲಕ್ಷ್ಮಿ ಈಗಷ್ಟೇ ಬಾಗಿಲಲ್ಲಿ ಇಣುಕಿ, “ಅತ್ತಿ, ಎಲ್ಲರಿಗೂ ಫೋನ್ ಮಾಡಿ ಹೇಳಿದ್ರಿ ಹೌದಲ್ರಿ?” ಎಂದು ಕೇಳಿ ಹೋದಳು. ನಾನೇನೆಂದೆ ಎಂದು ಬರೆಯುವ ಅಗತ್ಯವಿಲ್ಲ.